ಅಕ್ಕಿಯಲ್ಲಿ ಬರೆದ ಹೆಸರು

ನಾನು ಮರಾಠಿ ಸೀಮೆಯ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಮೂವತ್ತಾರು ವರ್ಷ ಕಾರಕೂನನಾಗಿದ್ದವನು. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗಿದ್ದಕ್ಕೆ ಎಷ್ಟೋ ಸಿಪಾಯಿಗಳ ಪಿಂಚಣಿ ಅರ್ಜಿಗಳನ್ನು ತಿರುಗಿ ಕಳಿಸಿದ್ದೇನೆ. ಹೀಗಾಗಿ ಕಚೇರಿಯವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲವೆಂದು ನನ್ನ ಹೆಂಡತಿ ಗಂಗೂಬಾಯಿ ಹೇಳುತ್ತಾಳೆ. ಇಲ್ಲದಿದ್ದರೆ ಇಲ್ಲ. ಸಿಟ್ಟಂತೂ ಬಂದಿದೆ, ತಿಂಗಳಾದರೂ ಇಳಿದಿಲ್ಲ.

ನಮ್ಮ ಸೊಸೆ ಹರ್ಷದಾ ಭೋಸರಿಯ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ವಿಭಾಗಕ್ಕೆ ಮುಖ್ಯಸ್ಥೆ. ನಲವತ್ತಮೂರು ವರ್ಷ ವಯಸ್ಸು. ಎರಡು ವರ್ಷದ ಹಿಂದೆ ನೌಕರಿಯಲ್ಲಿರುವವರಿಗಾಗಿಯೇ ಇರುವ ಎಂ.ಬಿ.ಎ.ಗೆ ಸೇರಿದಳು. ಐದು ದಿನ ಕಾರ್ಖಾನೆ, ಶನಿವಾರ ರವಿವಾರ ಕ್ಲಾಸು. ಕ್ಲಾಸಿನ ದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಣಕ ನಾದಿಟ್ಟು, ಪಲ್ಯ ಒಗ್ಗರಣೆ ಹಾಕಿ, ನಮ್ಮ ನಿಗಡಿಯಿಂದ ರಿಕ್ಷಾ ಹಿಡಿದು ಆಕುರ್ಡಿ ಸ್ಟೇಶನ್ನಿಗೆ, ಅಲ್ಲಿಂದ ಲೋಕಲ್ಲು. ಈ ಎರಡು ವರ್ಷದಲ್ಲಿ ನನ್ನ ಮಗ ರಾಜೀವ ಅವಳನ್ನು ಸ್ಟೇಶನ್ನಿಗೆ ಬಿಟ್ಟು ಬಂದದ್ದು ಎರಡು ಸಲ. ಎರಡೂ ಸಲ ಮಳೆ ಇತ್ತು, ಎರಡೂ ಸಲ ಅವನಿಗೆ ಅದೇ ದಾರಿಯಲ್ಲಿ ಬೇರೆ ಕೆಲಸವಿತ್ತು.

ಆಗಸ್ಟಿನ ಒಂದು ಸೋಮವಾರ ಸಂಜೆ ಅವಳು ಚಪ್ಪಲಿ ಕಳೆಯುವ ಮೊದಲೇ ಮೊಬೈಲು ನನ್ನ ಮುಂದೆ ಹಿಡಿದಳು.

"ಮಾಮಾ, ಇದನ್ನ ಓದ್ರಿ."

ಆ ವರ್ಷದ ಅತ್ಯುತ್ತಮ ಪದವೀಧರ ಪ್ರಶಸ್ತಿಗೆ ಅವಳನ್ನು ಆರಿಸಿದ್ದಾರೆಂದು ಸಂಸ್ಥೆಯವರು ಬರೆದಿದ್ದರು. ನಾನು ಎರಡು ಸಲ ಓದಿ, ಮೂರನೆಯ ಸಲ ಗಟ್ಟಿಯಾಗಿ ಓದಿದೆ. ಗಂಗೂ ಅಡಿಗೆಮನೆಯಿಂದ ಬಂದು, "ಅಂದ್ರ ಪಾಸಾದ್ಲು?" ಎಂದು ಕೇಳಿದಳು.

"ಪಾಸಲ್ಲ ಅಜ್ಜಿ, ಎಲ್ಲಾರಕಿಂತ ಮ್ಯಾಲ," ಎಂದಳು ಮೊಮ್ಮಗಳು ನಿಖಿತಾ. ಹದಿನೇಳರ ಹುಡುಗಿ, ತಾಯಿಯ ಕೊರಳಿಗೆ ಜೋತುಬಿದ್ದಿದ್ದಳು.

ರಾಜೀವ ಟೀವಿಯ ದನಿ ಸ್ವಲ್ಪ ಕಡಿಮೆ ಮಾಡಿದ. "ಎಷ್ಟ್ ಮಂದಿ ಇದ್ರು?"

"ಅರವತ್ತೆರಡು," ಎಂದಳು ಹರ್ಷದಾ.

"ಛಲೋ ಆತು," ಎಂದು ದನಿ ಮತ್ತೆ ಏರಿಸಿದ.

ಅವತ್ತು ಗಂಗೂ ಶಿರಾ ಮಾಡಿದಳು. ಎರಡು ವರ್ಷ ಪ್ರತಿ ರವಿವಾರ "ಮನಿ ಬಿಟ್ಟು ಈ ವಯಸ್ಸಿನಾಗ ಎಂಥಾ ಸಾಲಿ" ಎಂದು ಗೊಣಗಿದವಳೂ ಇವಳೇ, ಬಡಿಸುವಾಗ ಸೊಸೆಯ ತಾಟಿಗೆ ತುಪ್ಪ ಹೆಚ್ಚು ಹಾಕಿದವಳೂ ಇವಳೇ. ಪ್ರಶಸ್ತಿ ಪ್ರದಾನಕ್ಕೆ ಕಾರ್ಖಾನೆಯ ದೊಡ್ಡ ಸಾಹೇಬರೂ ಬರುತ್ತಾರೆಂದು ಹರ್ಷದಾ ಹೇಳಿದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಎಷ್ಟೋ ದಿನದ ಮೇಲೆ ಕೇಳಿದೆ.

ಗುರುವಾರ ಸಂಸ್ಥೆಯಿಂದ ಫೋನು ಬಂತು. ಹರ್ಷದಾ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು, ಕೈ ಒದ್ದೆ ಎಂದು ಸ್ಪೀಕರ್ ಹಾಕಿದಳು. ಹೆಣ್ಣುಮಗಳ ದನಿ, ಶುದ್ಧ ಮರಾಠಿ, ಬಲು ನಯ. ಪ್ರಶಸ್ತಿಗೆ ಆಯ್ಕೆಯಾದವರ ಮೂಲ ದಾಖಲೆಗಳನ್ನು ಪರಿಶೀಲಿಸುವ ನಿಯಮವಿದೆಯಂತೆ. ಇವಳ ಇಂಜಿನಿಯರಿಂಗ್ ಪದವಿ ನೀಲಿಮಾ ವೆಂಕಟೇಶ ಕರ್ಜಗಿ ಎಂಬ ಹೆಸರಿನಲ್ಲಿದೆ. ಸಂಸ್ಥೆಯ ರಜಿಸ್ಟರಿನಲ್ಲಿರುವುದು ಹರ್ಷದಾ ರಾಜೀವ ಗಲಗಲಿ. ಇಬ್ಬರೂ ಒಬ್ಬರೇ ಎನ್ನುವುದಕ್ಕೆ ಸರಕಾರಿ ಕಾಗದ ಏನಿದೆ?

"ಅಡ್ಮಿಶನ್ನಿಗೂ ಇವೇ ಕಾಗದ ಕೊಟ್ಟಿದ್ದೆನಲ್ಲ ಮ್ಯಾಡಮ್. ಆಗ ನೀವೇ ತೊಗೊಂಡಿರಿ," ಎಂದು ಹರ್ಷದಾ ಮರಾಠಿಯಲ್ಲೇ ಹೇಳಿದಳು.

ಅದು ಅಡ್ಮಿಶನ್ನು, ಇದು ಪ್ರಶಸ್ತಿ ಎಂದು ಉತ್ತರ ಬಂತು. ಹನ್ನೆರಡು ದಿನದೊಳಗೆ ದಾಖಲೆ ಬರದಿದ್ದರೆ ಎರಡನೆಯ ಸ್ಥಾನದವರಿಗೆ ಕೊಡಬೇಕಾಗುತ್ತದೆ, ಕ್ಷಮಿಸಿ. ಫೀ ಕಟ್ಟಿಸಿಕೊಳ್ಳುವಾಗ ಅವಳು ಯಾರಾದರೂ ನಡೆಯುತ್ತಿತ್ತು. ಗೆದ್ದ ಮೇಲೆ ಅವಳು ಯಾರೆಂಬ ಅನುಮಾನ ಶುರುವಾಯಿತು. ಎರಡನೆಯ ಸ್ಥಾನದಲ್ಲಿದ್ದವನು ಲೋಕನಾಥ ಎಂಬ ಗೃಹಸ್ಥ. ಹುಟ್ಟಿದಾಗಿನಿಂದ ಅವನಿಗೆ ಒಂದೇ ಹೆಸರು, ಅವನನ್ನು ಯಾರೂ ಏನೂ ಕೇಳಬೇಕಾಗಿರಲಿಲ್ಲ.

ಫೋನು ಇಟ್ಟ ಮೇಲೆ ಮೊದಲು ಮಾತಾಡಿದವಳು ನಿಖಿತಾ. "ಅಮ್ಮಾ, ನೀಲಿಮಾ ಅಂದ್ರ ನೀನಾ? ನಂಗ ಗೊತ್ತ ಇರಲಿಲ್ಲ."

"ಗೊತ್ತಾಗೂದೇನದ ಅದ್ರಾಗ," ಎಂದಳು ಗಂಗೂ. "ನಮ್ಮಲ್ಲೆ ಲಗ್ನದಾಗ ಸೊಸಿ ಹೆಸರು ಬದಲ್ಸ್ತಾರ. ತಾಟಿನ್ಯಾಗ ಅಕ್ಕಿ ಹರವಿ, ನಿಮ್ಮಪ್ಪ ಉಂಗುರದ್ಲೆ ಬರದಾನ. ಹರ್ಷದಾ ಅಂತ ಹೇಳಿದಾಕಿ ನಾನ."

"ಯಾಕ? ನೀಲಿಮಾ ಛಂದ ಅದ ಅಲ್ಲ?"

"ಏನ್ ಛಂದ? ನೀಲಿ ಅಂತ ಕರದ್ರ ಬಟ್ಟಿಗೆ ಹಾಕೂ ನೀಲಿ ನೆನಪಾಗ್ತದ."

"ಅಮ್ಮನ್ನ ಕೇಳಿದ್ರಾ?"

ಗಂಗೂ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಿಖಿತಾ ನನ್ನನ್ನು ನೋಡಿದಳು. ನಾನು ಪೇಪರು ಹಿಡಿದೆ. ಧಾರವಾಡದ ಆ ಮಂಗಲ ಕಾರ್ಯಾಲಯ, ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ತಲೆ ತಗ್ಗಿಸಿದ್ದನ್ನೇ ನಾವು ಒಪ್ಪಿಗೆ ಎಂದುಕೊಂಡೆವು. ಆಮೇಲೆ ರೇಷನ್ ಕಾರ್ಡಿಗೆ ಹರ್ಷದಾ ಎಂದು ನಾನೇ ಬರೆಸಿದೆ, ಅದರ ಮೇಲೆ ಉಳಿದೆಲ್ಲ ಕಾರ್ಡುಗಳೂ ಹುಟ್ಟಿದವು. ಲಗ್ನದ ನೋಂದಣಿಯನ್ನು ಮಾತ್ರ ಯಾರೂ ಮಾಡಿಸಿರಲಿಲ್ಲ. ಮೂವತ್ತಾರು ವರ್ಷ ಊರಮಂದಿಯ ಕಾಗದ ನೋಡಿದವನು ಮನೆಯ ಕಾಗದ ನೋಡಲಿಲ್ಲ.

ರಾತ್ರಿಯ ಊಟಕ್ಕೆ ಕೂತಾಗ ಹರ್ಷದಾ ರಾಜೀವನಿಗೆ ವಿಷಯ ಹೇಳಿದಳು. ಮಹಾನಗರಪಾಲಿಕೆಯ ಕಚೇರಿಯಲ್ಲಿ ಈಗಲೂ ಲಗ್ನ ನೋಂದಣಿ ಮಾಡಿಸಬಹುದು. ಆ ಪ್ರಮಾಣಪತ್ರದಲ್ಲಿ ಎರಡೂ ಹೆಸರು ಬರುತ್ತವೆ. ಗಂಡ ಹೆಂಡತಿ ಇಬ್ಬರೂ ಖುದ್ದು ಹೋಗಬೇಕು, ಅಷ್ಟೇ.

"ಮಂಗಳವಾರ ಹೋಗೂಣು," ಎಂದ ರಾಜೀವ, ಭಕ್ರಿ ಮುರಿಯುತ್ತ. ಅವನು ಚಿಂಚವಡದ ಒಂದು ವಿಮಾ ಕಂಪನಿಯ ಶಾಖೆಗೆ ಮ್ಯಾನೇಜರು.

ಮಂಗಳವಾರ ಅವನ ಕಚೇರಿಗೆ ಮೇಲಿನ ಸಾಹೇಬರು ಬಂದರು. ಗುರುವಾರ ಹೋಗೋಣ ಎಂದ. ಗುರುವಾರ ಹರ್ಷದಾ ಅರ್ಧ ದಿನ ರಜೆ ಹಾಕಿದಳು. ನಾನೂ ಸಾಕ್ಷಿಗೆಂದು ಜೊತೆಗೆ ಹೋದೆ. ಹತ್ತು ಗಂಟೆಯಿಂದ ಒಂದೂವರೆಯವರೆಗೆ ಪಾಲಿಕೆಯ ಬೆಂಚಿನ ಮೇಲೆ ಕೂತೆವು. ನಮ್ಮ ಆಜುಬಾಜು ಹೊಸದಾಗಿ ಲಗ್ನವಾದ ಜೋಡಿಗಳು, ಕೈತುಂಬ ಹಸಿರು ಬಳೆ. ಒಂದೂವರೆಗೆ ಅವನ ಫೋನು ಬಂತು.

"ಆಡಿಟ್‌ನವರು ಬಂದಾರ, ಬರ್ಲಿಕ್ಕೆ ಆಗೂದಿಲ್ಲ."

"ಮುಂಜಾನೇನ ಹೇಳಬೇಕಿತ್ತಲ್ಲ," ಎಂದಳು ಹರ್ಷದಾ.

"ಮುಂಜಾನೆ ಬಂದಿರಲಿಲ್ಲ ಅವರು. ಮತ್ತ ಹರ್ಷದಾ, ಡಿಗ್ರಿ ಅಂತೂ ಸಿಕ್ಕದ. ಒಂದ್ ಫಲಕದ ಸಲುವಾಗಿ ಎಷ್ಟ್ ಓಡ್ಯಾಡ್ತಿ?"

ಅವಳು ಫೋನು ಬ್ಯಾಗಿಗೆ ಹಾಕಿಕೊಂಡಳು. ನಾನು, "ಅವಂಗ ನಾ ಹೇಳ್ತೀನಿ," ಎಂದೆ. "ಬ್ಯಾಡ ಮಾಮಾ, ನಾ ಕಾರ್ಖಾನಿಗೆ ಹೋಗ್ತೀನಿ," ಎಂದು ಬಸ್ ಸ್ಟಾಪಿನ ಕಡೆ ನಡೆದಳು. ಊಟವನ್ನೂ ಮಾಡಿರಲಿಲ್ಲ. ನನ್ನ ಮಗ ಎಂದು ಹೇಳಿಕೊಳ್ಳಲು ಅವತ್ತು ನನಗೆ ನಾಚಿಕೆಯಾಯಿತು.

ರವಿವಾರ, ಅವಲಕ್ಕಿ ತಿನ್ನುವಾಗ, ಅವಳೇ ಮಾತು ತೆಗೆದಳು. ಉಳಿದದ್ದು ಇನ್ನು ಎರಡೇ ದಿನ.

"ಬ್ಯಾರೆ ದಾರಿ ಸಿಕ್ಕೇದ. ಪದವಿ, ಪ್ರಶಸ್ತಿ ಎರಡನ್ನೂ ಮೂಲ ಸರ್ಟಿಫಿಕೇಟಿನ ಹೆಸರಿಗೆ ಮಾಡಿಸಿಕೊಂಡ್ರ ಒಂದು ಅಫಿಡವಿಟ್ ಸಾಕು ಅಂತ ಸಂಸ್ಥೆಯವರು ಅಂದ್ರು. ಲಗ್ನದಾಗ ಇದ್ದ ಇಬ್ಬರು ಸಾಕ್ಷಿ ಸಹಿ ಮಾಡಬೇಕು. ನಾ ಹೂಂ ಅಂದೀನಿ."

"ಮೂಲ ಹೆಸರು ಅಂದ್ರ?" ಎಂದ ರಾಜೀವ.

"ನೀಲಿಮಾ ಕರ್ಜಗಿ."

"ಗಲಗಲಿ?"

"ಮೂಲ ಸರ್ಟಿಫಿಕೇಟಿನ್ಯಾಗ ಗಲಗಲಿ ಇಲ್ಲ."

ರಾಜೀವ ಪ್ಲೇಟು ಕೆಳಗಿಟ್ಟ. "ಅಂದ್ರ ಸ್ಟೇಜಿನ ಮ್ಯಾಲ ನನ್ನ ಹೆಸರ ಇರೂದಿಲ್ಲ? ನಾ ಅಲ್ಲೆ ಕೂತಿರ್ತೀನಿ, ಮತ್ತ ಅವರು ಯಾರದೋ ಹೆಸರು ಕೂಗ್ತಾರ?"

"ಯಾರದೋ ಅಲ್ರಿ, ನಂದು."

"ನಡಿ, ನಾಳೆನ ನೋಂದಣಿಗೆ ಹೋಗೂಣು. ರಜಾ ಹಾಕ್ತೀನಿ."

"ನಾಳೆ ನಿಮ್ಮ ಆಡಿಟ್ ಅದ."

"ಅದನ್ನ ಮುಂದ ಹಾಕಬಹುದು."

"ಹಾಕಬಹುದಾಗಿತ್ತು ಅಂದ್ರ," ಎಂದಳು ಹರ್ಷದಾ.

ದನಿ ಏರಿಸಲಿಲ್ಲ. ಚಹಾದ ಕಪ್ಪು ಎತ್ತಿಕೊಂಡು ಅವನ ಮುಖವನ್ನೇ ನೋಡಿದಳು. ಹತ್ತು ದಿನ ಸಿಗದ ರಜೆ ತನ್ನ ಹೆಸರು ಬಿಟ್ಟುಹೋಗುತ್ತದೆಂದು ಗೊತ್ತಾದ ಕೂಡಲೇ ಸಿಕ್ಕಿತ್ತು. ರಾಜೀವ ತಾಯಿಯ ಕಡೆ ನೋಡಿದ. ಸಿಕ್ಕಿಬಿದ್ದಾಗ ಅವಳ ಕಡೆ ತಿರುಗುವುದು ಅವನಿಗೆ ಸಣ್ಣಂದಿನಿಂದಲೂ ಇರುವ ಚಾಳಿ.

"ಗಲಗಲಿ ಮನಿತನದ ಹೆಸರು ತಗದು ಹಾಕ್ತೀ ಅಂದ್ರ ನಮ್ಮದೇನು ತಪ್ಪಾತವಾ?" ಎಂದಳು ಗಂಗೂ. "ಎರಡು ವರ್ಷ ರವಿವಾರ ನಿನ್ನ ಸಂಸಾರಕ್ಕ ಭಕ್ರಿ ಬಡದಾಕಿ ನಾನು."

"ಖರೆ ಅದ ಅತ್ಯಾ. ನೀವು ಬಡದೀರಿ ಅಂತನ ನಾ ಓದಿದೆ. ಅದಕ್ಕ ಸಾಕ್ಷಿಗೆ ನೀವ ಸಹಿ ಮಾಡ್ರಿ."

"ನಾ ಇಟ್ಟ ಹೆಸರು ಸುಳ್ಳು ಅಂತ ನಾನ ಸಹಿ ಮಾಡ್ಲಿ?"

"ಸುಳ್ಳು ಅಂತ ಅಲ್ಲ. ಎರಡೂ ನಾನ ಅಂತ."

"ನನ್ನ ಕೈಲೆ ಆಗೂದಿಲ್ಲ," ಎಂದು ಗಂಗೂ ಎದ್ದಳು. ಒಳಗೆ ಪಾತ್ರೆ ಸಪ್ಪಳ ಬೇಕಾದದ್ದಕ್ಕಿಂತ ಜೋರಾಗಿ ಕೇಳಿಸಿತು.

ನಾನು, "ನಾ ಮಾಡ್ತೀನಿ," ಎಂದೆ.

ರಾಜೀವ, "ಅಪ್ಪಾ, ನೀವೂ?" ಎಂದ.

"ಲಗ್ನದಾಗ ನಾನೂ ಇದ್ದೆ. ಸುಮ್ಮನ ಕೂತಿದ್ದೆ. ಒಂದ್ ಸಲ ಸಾಕು."

ಎರಡನೆಯ ಸಾಕ್ಷಿಯಾಗಿ ರಾಘಣ್ಣ ಸಿಕ್ಕ. ಚಿಂಚವಡದಲ್ಲಿ ಖಾನಾವಳಿ ನಡೆಸುವ ನಮ್ಮ ಧಾರವಾಡದವನು, ಆ ಲಗ್ನದ ಅಡಿಗೆ ಅವನದೇ. ಸೋಮವಾರ ಮೂವರೂ ಪಿಂಪರಿಯ ಒಬ್ಬ ನೋಟರಿಯ ಮುಂದೆ ಕೂತೆವು. ಆತ ಕನ್ನಡಕ ಮೇಲೆತ್ತಿ ಮರಾಠಿಯಲ್ಲಿ ಕೇಳಿದ, "ಹೆಸರು ಬದಲಾಯಿಸಿದ್ದು ಎಲ್ಲಿ ದಾಖಲಾಗಿದೆ?"

"ಅಕ್ಕಿಯಲ್ಲಿ ಬರೆದದ್ದು," ಎಂದೆ.

"ಆ ಅಕ್ಕಿ ಎಲ್ಲಿದೆ?"

"ಮರುದಿನ ನಾನೇ ಪಾಯಸ ಮಾಡಿ ಬಡಿಸಿದೆ ಸಾಹೇಬರೇ," ಎಂದ ರಾಘಣ್ಣ.

ನೋಟರಿ ನಕ್ಕ. ಹರ್ಷದಾಳೂ ನಕ್ಕಳು, ಅಷ್ಟು ದಿನದಲ್ಲಿ ಮೊದಲ ಸಲ. ಆಮೇಲೆ ಆತ ಕರಡು ಓದುತ್ತ, "ಸ್ವಂತ ಇಚ್ಛೆಯಿಂದ ಹೆಸರು ಬದಲಾಯಿಸಿಕೊಂಡರು, ಬರೆಯಲೇ?" ಎಂದ. ಕಾಗದಗಳಲ್ಲಿ ಆ ಮಾತು ಇದ್ದೇ ಇರುತ್ತದೆ. ನಾನೇ ಸಾವಿರ ಸಲ ಬರೆದಿದ್ದೇನೆ. ಆದರೆ ಅವಳು ನನ್ನ ಪಕ್ಕದಲ್ಲಿ ಕೂತಿದ್ದಳು.

"ಇಲ್ಲ. ಅವಳನ್ನು ಯಾರೂ ಕೇಳಲಿಲ್ಲ. ರೂಢಿಯಂತೆ ಬದಲಾಯಿಸಲಾಯಿತು ಎಂದು ಬರೆಯಿರಿ," ಎಂದೆ.

ನೋಟರಿ ಹಾಗೇ ಬರೆದ. ಹೊರಗೆ ಬಂದ ಮೇಲೆ ಹರ್ಷದಾ ನನಗೊಂದು ಕಬ್ಬಿನ ಹಾಲು ಕೊಡಿಸಿದಳು. ಮಂಗಳವಾರ, ಕೊನೆಯ ದಿನ, ಕಾಗದವನ್ನು ಸಂಸ್ಥೆಯ ಕಚೇರಿಯಲ್ಲಿ ಕೊಟ್ಟು ನಕಲಿಗೆ ಅವರ ಸಿಕ್ಕಾ, ಅಂದರೆ ಮುದ್ರೆ, ಹಾಕಿಸಿಕೊಂಡು ಬಂದಳು. ಆ ವಾರವಿಡೀ ರಾಜೀವ ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಗಂಗೂ ಸೊಸೆಗೆ ಹೇಳಬೇಕಾದದ್ದನ್ನೆಲ್ಲ ನಿಖಿತಾಳ ಮೂಲಕ ಹೇಳಿಸುತ್ತಿದ್ದಳು. "ನಿಮ್ಮ ಅಮ್ಮಗ ಹೇಳು, ಹಾಲು ಒಡದಾವು." ಅಮ್ಮ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದಳು.

ಶುಕ್ರವಾರ ರಾಜೀವ ಇದ್ದಕ್ಕಿದ್ದಂತೆ ಹುರುಪಿನಲ್ಲಿದ್ದ. ಇಸ್ತ್ರಿಗೆ ಕೋಟು ಕೊಟ್ಟ. "ಎಲ್ಲಾರೂ ಕಾರಿನ್ಯಾಗ ಹೋಗೂಣು," ಎಂದ. ಸಿಟ್ಟು ಇಳಿದಿರಬೇಕೆಂದು ನಾನು ಸಮಾಧಾನಪಟ್ಟುಕೊಂಡೆ. ನನ್ನ ಬುದ್ಧಿಗಿಷ್ಟು.

ಶನಿವಾರ ಬೆಳಿಗ್ಗೆ ಸಭಾಗೃಹ ತುಂಬಿತ್ತು. ಹರ್ಷದಾ ಮುಂದಿನ ಸಾಲಿನಲ್ಲಿ ಕಪ್ಪು ಗೌನು ಹಾಕಿಕೊಂಡು ಕೂತಿದ್ದಳು. ನಾವು ನಾಲ್ವರು ಆರನೆಯ ಸಾಲಿನಲ್ಲಿ. ಭಾಷಣಗಳಾದವು. ಮೈಕಿನ ಮುಂದಿದ್ದ ಹೆಣ್ಣುಮಗಳು, ಫೋನು ಮಾಡಿದ ಅದೇ ನಯವಾದ ದನಿಯವಳು, ಹೆಸರು ಕೂಗಿದಳು:

"ಶ್ರೀಮತಿ ನೀಲಿಮಾ ರಾಜೀವ ಗಲಗಲಿ."

ಚಪ್ಪಾಳೆ ಬಿತ್ತು. ರಾಜೀವ ಎಲ್ಲರಿಗಿಂತ ಜೋರಾಗಿ ತಟ್ಟಿದ. ಹರ್ಷದಾ ಒಂದು ಕ್ಷಣ ಕೂತೇ ಇದ್ದಳು, ಆಮೇಲೆ ಎದ್ದು ಮೆಟ್ಟಿಲು ಹತ್ತಿದಳು. ನಿರ್ದೇಶಕರು ಫಲಕ ಕೈಗಿಟ್ಟರು. ಅವಳು ಅದನ್ನು ಓದಿದಳು. ಪರದೆಯ ಮೇಲೂ ದೊಡ್ಡ ಅಕ್ಷರದಲ್ಲಿ ಅದೇ ಹೆಸರು. ಫೋಟೋದವನು ಈ ಕಡೆ ನೋಡಿ ಎಂದು ಕೈ ಮಾಡುತ್ತಿದ್ದ. ಅವಳು ಮೈಕಿನವಳನ್ನು ಮೆಲ್ಲಗೆ ಏನೋ ಕೇಳಿದಳು. ಆಕೆ ನಗುತ್ತ ಕೊಟ್ಟ ಉತ್ತರ ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು, "ನಿಮ್ಮ ಮಿಸ್ಟರೇ ನಿನ್ನೆ ಫೋನ್ ಮಾಡಿ ತಿದ್ದಿಸಿದರಲ್ಲ ಮ್ಯಾಡಮ್."

ಹನ್ನೆರಡು ದಿನ ಅವಳನ್ನು ಕಾಗದಕ್ಕಾಗಿ ಓಡಾಡಿಸಿದರು. ಅವಳ ಸಹಿ ಸಾಲದು, ಇಬ್ಬರು ಸಾಕ್ಷಿ ಬೇಕು, ನೋಟರಿಯ ಮುದ್ರೆ ಬೇಕು ಎಂದರು. ಗಂಡನದು ಒಂದು ಫೋನು, ಅದೂ ಎರಡು ನಿಮಿಷದ್ದು. ಅವನು ಯಾರೆಂದು ಯಾರೂ ಕೇಳಲಿಲ್ಲ, ಕಾರ್ಡು ತೋರಿಸು ಎನ್ನಲಿಲ್ಲ. ಹೆಸರು ಬದಲಾಯಿತು. ನಾನು ಕಚೇರಿಯಲ್ಲಿ ಸವೆದ ಮನುಷ್ಯ. ಇಂಥ ಅನ್ಯಾಯವನ್ನು ಇಷ್ಟು ಸರಾಗವಾಗಿ ಮಾಡಿದ್ದನ್ನು ನಾನೂ ಕಂಡಿರಲಿಲ್ಲ.

ಹರ್ಷದಾ ಮೈಕಿನ ಹತ್ತಿರ ಹೋದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಈ ಹೆಸರಿನವರು ಯಾರೂ ನಿಮ್ಮಲ್ಲಿ ಓದಿಲ್ಲ. ನಮ್ಮ ಮನೆಯಲ್ಲೂ ಇಲ್ಲ. ಓದಿದವಳ ಹೆಸರನ್ನು ನಿಮಗೆ ಬರೆದುಕೊಟ್ಟಿದ್ದೇನೆ, ಅದರ ಮೇಲೆ ನಿಮ್ಮದೇ ಸಿಕ್ಕಾ ಇದೆ. ಆ ಹೆಸರು ಹಾಕಿ ಕಳಿಸಿಕೊಡಿ."

ಫಲಕವನ್ನು ಮೇಜಿನ ಮೇಲಿಟ್ಟು ನಿರ್ದೇಶಕರಿಗೆ ನಮಸ್ಕಾರ ಮಾಡಿ ಇಳಿದು ಬಂದಳು. ಮೊದಲು ಚಪ್ಪಾಳೆ ತಟ್ಟಿದವಳು ನಿಖಿತಾ. ಆಮೇಲೆ ನಾನು. ಆಮೇಲೆ ಎಷ್ಟೋ ಹೆಣ್ಣುಮಕ್ಕಳು. ಕಾರ್ಖಾನೆಯ ದೊಡ್ಡ ಸಾಹೇಬರೂ ತಟ್ಟಿದರೆಂದು ಆಮೇಲೆ ತಿಳಿಯಿತು.

ಕಾರಿನಲ್ಲಿ ರಾಜೀವ ಸ್ಟಿಯರಿಂಗಿಗೆ ಮಾತಾಡಿದ. "ಇಷ್ಟು ಮಂದಿ ಮುಂದ ನನ್ನ ಮಾನ ಕಳದಿ. ನಾ ಏನ್ ಕೆಟ್ಟದ್ದು ಮಾಡಿದೆ? ನೀಲಿಮಾ ಬೇಕು ಅಂದಿ, ನೀಲಿಮಾ ಇಡಿಸಿದೆ. ಎಲ್ಲಾರಿಗೂ ಸಮಾಧಾನ ಆಗಲಿ ಅಂತ ನಡುವಿನ ದಾರಿ ಹುಡುಕಿದೆ."

ಹರ್ಷದಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಉತ್ತರ ಬಂದದ್ದು ಹಿಂದಿನ ಸೀಟಿನಿಂದ, ಗಂಗೂಬಾಯಿಯ ಕಡೆಯಿಂದ.

"ಯಾರಿಗೆ ಸಮಾಧಾನ? ನಾ ಇಟ್ಟ ಹೆಸರು ತಗದಿ. ಅವರಪ್ಪನ ಹೆಸರು ತಗದಿ. ಅವರ ಮನಿತನದ ಹೆಸರೂ ತಗದಿ. ಸೇರಿಸಿದ್ದು ಯಾವ್ದು ಹೇಳು? ನಿನ್ನ ಹೆಸರು ಒಂದ."

"ಅವ್ವಾ, ನೀನ ಮನಿತನ ಅಂತ..."

"ನಾ ಅಂದಿದ್ದು ಎದುರಿಗೆ ಅಂದೆ. ನೀ ಕದ್ದು ಫೋನ್ ಮಾಡಿದಿ. ಗಾಡಿ ಸರಿ ನಡಸು."

ನಿಗಡಿಯವರೆಗೂ ರಾಜೀವ ಗಾಡಿಯನ್ನು ಸರಿಯಾಗಿಯೇ ನಡೆಸಿದ.

ಮರುದಿನದಿಂದ ನಾನು ದಿನಾ ಸಂಸ್ಥೆಗೆ ಫೋನು ಮಾಡಿದೆ. ಇವತ್ತು ಸಾಹೇಬರಿಲ್ಲ, ನಾಳೆ ಕೆತ್ತುವವನು ಬಂದಿಲ್ಲ. ಐದನೆಯ ದಿನ ನನ್ನ ಹಳೆಯ ಕಚೇರಿ ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ಬರೆದು, ಅಫಿಡವಿಟ್ಟಿನ ನಕಲು ಲಗತ್ತಿಸಿ ರಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ರಾಜೀವ ತನ್ನ ತಾಟನ್ನು ತಾನೇ ತೊಳೆಯತೊಡಗಿದ್ದ, ಪಶ್ಚಾತ್ತಾಪವೋ ಸಿಟ್ಟೋ ಗೊತ್ತಾಗುತ್ತಿರಲಿಲ್ಲ. ಗಂಗೂ ಸೊಸೆಯೊಂದಿಗೆ ನೇರವಾಗಿ ಮಾತಾಡುತ್ತಿದ್ದಳು, ಆದರೆ ಯಾವ ಹೆಸರಿನಿಂದ ಕರೆಯಬೇಕೆಂದು ತಿಳಿಯದೆ "ಏ ಇಕಿನ" ಎನ್ನುತ್ತಿದ್ದಳು.

ಹದಿನೈದು ದಿನದ ಮೇಲೆ, ಒಂದು ರವಿವಾರ ಮುಂಜಾನೆ, ಕೊರಿಯರ್‌ನವನು ಬಂದ. ಅರ್ಧ ತಲೆ ನರೆತ ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಬಾಗಿಲು ತೆರೆದವಳು ಹರ್ಷದಾ.

"ನೀಲಿಮಾ ಕರ್ಜಗಿ?"

"ನಾನೇ."

"ಆಧಾರ್ ಕಾರ್ಡು ತೋರಿಸಿ," ಎಂದ ಮರಾಠಿಯಲ್ಲಿ. "ಹೆಸರಿನವರ ಕೈಗೇ ಕೊಡಬೇಕೆಂದು ಬರೆದಿದ್ದಾರೆ."

ಅವಳು ಕಾರ್ಡು ತಂದಳು. ಅವನು ಕಾರ್ಡು ನೋಡಿದ, ಪಾರ್ಸೆಲ್ಲು ನೋಡಿದ, ಮತ್ತೆ ಕಾರ್ಡು ನೋಡಿದ. "ಇದರಲ್ಲಿ ಹರ್ಷದಾ ಗಲಗಲಿ ಅಂತಿದೆ ತಾಯಿ. ನಾನು ಕೊಡುವ ಹಾಗಿಲ್ಲ, ವಾಪಸು ಒಯ್ಯಬೇಕಾಗುತ್ತದೆ."

ಹರ್ಷದಾ ಬಾಗಿಲಿಗೆ ಒರಗಿ ನಿಂತುಬಿಟ್ಟಳು. ಎರಡು ವರ್ಷದಲ್ಲಿ ಒಮ್ಮೆಯೂ ಕಣ್ಣಲ್ಲಿ ನೀರು ತಂದವಳಲ್ಲ, ಆಗ ಬಂತು. ನಾನು ಅಫಿಡವಿಟ್ಟಿನ ನಕಲು ತರಲು ಕಪಾಟಿನ ಕಡೆ ಓಡಿದೆ. ಓಟವೆಂದರೆ ಎಪ್ಪತ್ತನಾಲ್ಕರ ಓಟ. ಕೀಲಿಕೈ ಸಿಗಲಿಲ್ಲ. ಅಷ್ಟರಲ್ಲಿ ಗಂಗೂ ಭಕ್ರಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋದಳು. ಅವನಿಗೆ ಮರಾಠಿಯಲ್ಲಿ ಹೇಳಿದಳು. ಅರ್ಧದಲ್ಲಿ ಸಿಟ್ಟಿಗೆ ಕನ್ನಡವೇ ಬಂತು.

"ಇಕೀನ ನೀಲಿಮಾ ಕರ್ಜಗಿ. ವೆಂಕಟೇಶ ಕರ್ಜಗಿಯವರ ಮಗಳು. ಆ ಹೆಸರು ಕಸಗೊಂಡಾಕಿ ನಾನು. ನನಕಿಂತ ದೊಡ್ಡ ಸಾಕ್ಷಿ ಇನ್ನ್ಯಾರು ಬೇಕು ನಿನಗ? ಸಹಿ ಎಲ್ಲೆ ಮಾಡೂದು, ತೋರಸು."

ಅವನಿಗೆ ಕನ್ನಡ ತಿಳಿಯಲಿಲ್ಲ. ಪೆನ್ನನ್ನು ಗಂಗೂನ ಹಿಟ್ಟಿನ ಕೈಗೆ ಕೊಟ್ಟ.